ಮೆರವಣಿಗೆ ಮತ್ತು ನೆಲೆ: ಸ್ಯಾನ್ ಫ್ರಾನ್ಸಿಸ್ಕೊ ನಗರದ ಏಷ್ಯನ್ ಉತ್ಸವಗಳ ವಿವೇಚನೆ

ವಲಸೆ ಹೋದ ಸಮುದಾಯಗಳ ಹಬ್ಬಗಳನ್ನು ಜಾನಪದ ಅಧ್ಯಯನವು ಬಹುಕಾಲ ಅನುಮಾನದಿಂದಲೇ ನೋಡಿಕೊಂಡು ಬಂದಿದೆ. ಹುಟ್ಟಿದ ನೆಲದಿಂದ ಕಿತ್ತು ತಂದು ಇನ್ನೊಂದು ನೆಲದಲ್ಲಿ ನೆಟ್ಟ ಆಚರಣೆಯು ಬೇಸಾಯದ ಋತುಮಾನವನ್ನು, ದೈವದ ಹರಕೆಯನ್ನು, ಊರೊಟ್ಟಿನ ಕಟ್ಟುಪಾಡನ್ನು ಕಳೆದುಕೊಂಡು ಬರಿಯ ಪ್ರದರ್ಶನವಾಗಿ ಉಳಿಯುತ್ತದೆ ಎಂಬುದು ಈ ಅನುಮಾನದ ತಿರುಳು. ಅಮೆರಿಕದ ವಿದ್ವಾಂಸ ರಿಚರ್ಡ್ ಡಾರ್ಸನ್ 1950ರಲ್ಲಿ ಚಾಲನೆಗೆ ತಂದ 'ಫೇಕ್‌ಲೋರ್' ಎಂಬ ಪರಿಭಾಷೆಯಾಗಲಿ, ಜರ್ಮನಿಯ ಹಾನ್ಸ್ ಮೋಸರ್ 1962ರಲ್ಲಿ ಚರ್ಚೆಗೆ ಒಡ್ಡಿದ 'ಫೋಕ್‌ಲೋರಿಸ್ಮಸ್' ಎಂಬ ಪರಿಕಲ್ಪನೆಯಾಗಲಿ ಈ ಅನುಮಾನಕ್ಕೆ ಶಾಸ್ತ್ರದ ಬಲ ಕೊಟ್ಟವು. ಕನ್ನಡದಲ್ಲಿ ಇಂಥದನ್ನು 'ಹುಸಿ ಜಾನಪದ' ಎಂದು ಕರೆದು ಬದಿಗೆ ಸರಿಸುವ ರೂಢಿಯೂ ಇದೆ. ಆದರೆ ಈ ಹೆಸರಿಡುವಿಕೆಯು ವಿಮರ್ಶೆಯ ಕೆಲಸವನ್ನು ಅದು ಆರಂಭವಾಗುವ ಮೊದಲೇ ಮುಗಿಸಿಬಿಡುತ್ತದೆ. ಒಂದು ಆಚರಣೆ ಅಸಲಿಯೋ ನಕಲಿಯೋ ಎಂಬ ಪ್ರಶ್ನೆಗಿಂತ, ಅದನ್ನು ಯಾರು, ಯಾವ ಸಂಕಟದಲ್ಲಿ, ಯಾರ ಕಣ್ಣೆದುರು, ಯಾವ ಬೀದಿಯಲ್ಲಿ ನಡೆಸಿದರು ಎಂಬ ಪ್ರಶ್ನೆ ಹೆಚ್ಚು ಫಲವತ್ತಾದುದು. ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಗರದ ಏಷ್ಯನ್ ಉತ್ಸವಗಳು ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ತಕ್ಕ ನಿದರ್ಶನಗಳಾಗಿವೆ.

ಈ ನಗರದ ಆಯ್ಕೆಗೆ ಇನ್ನೊಂದು ಕಾರಣವೂ ಇದೆ. ಕೊಲ್ಲಿಯ ಆಚೆ ದಡದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ದಶಕ ಪಾಠ ಹೇಳಿದ ಆಲನ್ ಡಂಡೆಸ್, 'ಜನಪದರು' ಎಂದರೆ ಹಳ್ಳಿಯ ಅನಕ್ಷರಸ್ಥ ರೈತರು ಎಂಬ ಹಳೆಯ ನಿರ್ವಚನವನ್ನು ಒಡೆದು, ಯಾವುದಾದರೂ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವ ಗುಂಪಾದರೂ ಜನಪದವೇ ಎಂದು ವಾದಿಸಿದವರು. ಅವರ ಈ ನಿಲುವನ್ನು ಕರ್ನಾಟಕದ ಜಾನಪದ ವಿಭಾಗಗಳಲ್ಲಿ ಪಾಠವಾಗಿ ಓದಲಾಗಿದೆ. ಆದರೆ ಅದನ್ನು ನಗರದ ಬೀದಿಗೆ ಅನ್ವಯಿಸಿ ನೋಡಿದ್ದು ಕಡಿಮೆ. 2020ರ ಜನಗಣತಿಯಂತೆ ಸ್ಯಾನ್ ಫ್ರಾನ್ಸಿಸ್ಕೊದ ನಿವಾಸಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಏಷ್ಯಾ ಮೂಲದವರು. ವರ್ಷದ ಬಹುಪಾಲು ತಿಂಗಳುಗಳಲ್ಲಿ ಅಲ್ಲಿ ಯಾವುದಾದರೊಂದು ಏಷ್ಯನ್ ಹಬ್ಬ ಬೀದಿಗೆ ಇಳಿಯುತ್ತದೆ: ಮಾಘದ ಆಸುಪಾಸಿನಲ್ಲಿ ಚೀನೀ ಹೊಸ ವರ್ಷ, ಏಪ್ರಿಲ್‌ನಲ್ಲಿ ಜಪಾನೀಯರ ಚೆರ್ರಿ ಹೂವಿನ ಹಬ್ಬ, ಬೇಸಿಗೆಯಲ್ಲಿ ಬೌದ್ಧರ ಓಬೊನ್ ಕುಣಿತ, ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಜಗನ್ನಾಥನ ರಥ, ಆಗಸ್ಟ್‌ನಲ್ಲಿ ಫಿಲಿಪಿನೊ ಜನರ ಪಿಸ್ತಾಹಾನ್, ಶರತ್ಕಾಲದಲ್ಲಿ ಚಂದ್ರನ ಹಬ್ಬ.

ಇವುಗಳಲ್ಲಿ ಹೆಚ್ಚು ಹೆಸರಾದುದು ಚೀನೀ ಹೊಸ ವರ್ಷದ ರಾತ್ರಿ ಮೆರವಣಿಗೆ. ಗ್ವಾಂಗ್‌ಡಾಂಗ್ ಪ್ರಾಂತದ ತೈಶಾನ್ ಸುತ್ತಮುತ್ತಲ ಜಿಲ್ಲೆಗಳಿಂದ ಬಂಗಾರದ ಗಣಿಗಳಿಗೂ ಮುಂದೆ ರೈಲುಹಾದಿಯ ಕೆಲಸಕ್ಕೂ ಬಂದ ದುಡಿಮೆಗಾರರು ತಮ್ಮ ಹೊಸ ವರ್ಷವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಇಲ್ಲಿ ಆಚರಿಸುತ್ತಿದ್ದರು. ಅವರ ಕಲೆಗಳೂ ಅವರ ಬೆನ್ನಿಗೇ ಬಂದವು. 1852ರ ಅಕ್ಟೋಬರ್‌ನಲ್ಲಿಯೇ ನೂರಕ್ಕೂ ಮಿಕ್ಕ ಕಲಾವಿದರ ಕ್ಯಾಂಟನೀಸ್ ಗೀತನಾಟಕದ ಮೇಳವೊಂದು ಈ ಊರಿನಲ್ಲಿ ಆಟ ಆಡಿತ್ತು. ಬಯಲಾಟ, ಯಕ್ಷಗಾನಗಳ ಮೇಳದ ಬಾಳನ್ನು ಬಲ್ಲವರಿಗೆ ಈ ಸಂಗತಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ನೋಡುಗರ ದೊಡ್ಡ ಸಮುದಾಯವೊಂದು ನೆಲೆನಿಲ್ಲದೆ ಇಂಥ ಮೇಳ ಸಮುದ್ರ ದಾಟಿ ಬರುವುದಿಲ್ಲ. ಆದರೆ ಇಂದು ಪ್ರವಾಸಿಗರು ನೋಡುವ ಮೆರವಣಿಗೆ ಆ ಹಳೆಯ ಆಚರಣೆಯ ನೇರ ಮುಂದುವರಿಕೆಯಲ್ಲ. ಅದರ ಹುಟ್ಟು 1953ರಲ್ಲಿ.

ಈ ವರ್ಷ ಮುಖ್ಯವಾದುದು. 1882ರ ಚೀನೀಯರ ಬಹಿಷ್ಕಾರ ಶಾಸನ ರದ್ದಾಗಿ ಆಗ ಹತ್ತು ವರ್ಷವಷ್ಟೇ ಕಳೆದಿತ್ತು. 1943ರಲ್ಲಿ ಅದನ್ನು ರದ್ದುಪಡಿಸಿದಾಗಲೂ ಚೀನೀಯರಿಗೆ ದೊರೆತ ಪ್ರವೇಶದ ಪಾಲು ವರ್ಷಕ್ಕೆ 105 ಮಾತ್ರ. 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಬಂದಿತ್ತು. ಕೊರಿಯಾ ಯುದ್ಧದಲ್ಲಿ ಅಮೆರಿಕದ ಸೈನಿಕರು ಚೀನೀ ಸೈನಿಕರಿಗೆ ಎದುರಾಗಿದ್ದರು. ಚೈನಾಟೌನಿನ ನಿವಾಸಿಗಳ ಮುಖವೇ ಶತ್ರುವಿನ ಮುಖವಾಗಿ ಕಾಣತೊಡಗಿದ್ದ ಕಾಲ ಅದು. ಎಚ್.ಕೆ. ವಾಂಗ್ ಮೊದಲಾದ ವ್ಯಾಪಾರಸ್ಥರು ಮನೆಯೊಳಗಿನ, ಕುಲಸಂಘಗಳೊಳಗಿನ ಹಬ್ಬವನ್ನು ಬೀದಿಗೆ ತಂದು ಇಡೀ ನಗರಕ್ಕೆ ಬಾಗಿಲು ತೆರೆದದ್ದು ಈ ಭಯದ ನೆರಳಿನಲ್ಲಿ. ಕೊರಿಯಾದಿಂದ ಮರಳಿದ ಚೀನೀ ಮೂಲದ ಅಮೆರಿಕನ್ ಯೋಧರಿಗೆ ಆ ಮೆರವಣಿಗೆಯಲ್ಲಿ ಗೌರವದ ಸ್ಥಾನ ದೊರೆಯಿತು. ಶಾಲಾ ಬ್ಯಾಂಡುಗಳು, ಅಲಂಕೃತ ವಾಹನಗಳು, ಮೇಯರರ ಕಾರು ಹೀಗೆ ಅಮೆರಿಕದ ಯಾವುದೇ ಊರಿನ ಪರೇಡಿನ ವ್ಯಾಕರಣವೆಲ್ಲ ಅದರಲ್ಲಿ ಸೇರಿಕೊಂಡಿತು. ಆ ವ್ಯಾಕರಣದೊಳಗೆ ಸಿಂಹನೃತ್ಯವೂ ಡ್ರ್ಯಾಗನ್ನೂ ಪದಗಳಾಗಿ ಬಂದವು. 1958ರಿಂದ 'ಮಿಸ್ ಚೈನಾಟೌನ್ ಯು.ಎಸ್.ಎ.' ಸೌಂದರ್ಯ ಸ್ಪರ್ಧೆಯೂ ಕೂಡಿಕೊಂಡಿತು. ಈ ಇತಿಹಾಸವನ್ನು ಚಿಯೊ-ಲಿಂಗ್ ಯೆ ಅವರು 2008ರಲ್ಲಿ ಪ್ರಕಟವಾದ ತಮ್ಮ 'ಮೇಕಿಂಗ್ ಆ್ಯನ್ ಅಮೆರಿಕನ್ ಫೆಸ್ಟಿವಲ್' ಗ್ರಂಥದಲ್ಲಿ ವಿವರವಾಗಿ ಕಟ್ಟಿಕೊಟ್ಟಿದ್ದಾರೆ. ಮೆರವಣಿಗೆಯು ಶೀತಲ ಸಮರದ ಸೃಷ್ಟಿ ಎಂಬ ಅವರ ನಿಲುವನ್ನು ಅಲ್ಲಗಳೆಯುವುದು ಕಷ್ಟ.

ಆದರೆ ಈ ನಿಲುವಿನಲ್ಲಿಯೇ ನಿಂತುಬಿಟ್ಟರೆ ಮೆರವಣಿಗೆಯ ಅರ್ಧ ಮಾತ್ರ ಕಂಡಂತಾಗುತ್ತದೆ. ಬೀದಿಯಲ್ಲಿ ನಿಷ್ಠೆಯನ್ನು ಸಾರಿದ ಮೂರೇ ವರ್ಷಗಳಲ್ಲಿ, 1956ರಲ್ಲಿ, ಸರ್ಕಾರವು ಚೀನೀ ವಲಸಿಗರಿಂದ 'ತಪ್ಪೊಪ್ಪಿಗೆ' ಪಡೆಯುವ ಯೋಜನೆಯನ್ನು ಆರಂಭಿಸಿತು. ಇದರ ಹಿನ್ನೆಲೆ ಸ್ವಾರಸ್ಯಕರವಾದುದು. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ನಗರದ ಜನನ ದಾಖಲೆಗಳು ಸುಟ್ಟುಹೋದವು. ಸುಟ್ಟ ದಾಖಲೆಯ ಬೂದಿಯಿಂದ ಅನೇಕರು ತಾವು ಇಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡು ಪೌರತ್ವ ಪಡೆದರು. ಅವರ 'ಕಾಗದದ ಮಕ್ಕಳು' ಬೇರೆಯವರ ಹೆಸರು ಹೊತ್ತು ದೇಶದೊಳಗೆ ಬಂದರು. 1910ರಿಂದ 1940ರವರೆಗೆ ಏಂಜೆಲ್ ದ್ವೀಪದ ತಪಾಸಣಾ ಕೇಂದ್ರದಲ್ಲಿ ಇಂಥವರನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೂಡಿಹಾಕಿ, ಊರಿನ ಬಾವಿ ಯಾವ ದಿಕ್ಕಿಗಿದೆ, ಮನೆಗೆ ಎಷ್ಟು ಮೆಟ್ಟಿಲು ಎಂಬಂಥ ಪ್ರಶ್ನೆ ಕೇಳುತ್ತಿದ್ದರು. ಬಂದಿಗಳು ಮರದ ಗೋಡೆಗಳ ಮೇಲೆ ಚೀನೀ ಛಂದಸ್ಸಿನಲ್ಲಿ ಕೆತ್ತಿದ ಪದ್ಯಗಳು 1970ರಲ್ಲಿ ಮತ್ತೆ ಬೆಳಕಿಗೆ ಬಂದವು. ಜಾನಪದ ಸಂಗ್ರಹದ ದೃಷ್ಟಿಯಿಂದ ಆ ನಗರ ಕೊಟ್ಟ ಅತ್ಯಂತ ಬೆಲೆಯುಳ್ಳ ಸಾಮಗ್ರಿ ಯಾವುದು ಎಂದರೆ ಡ್ರ್ಯಾಗನ್ನಿಗಿಂತ ಮೊದಲು ಈ ಗೋಡೆಗಳನ್ನೇ ಹೇಳಬೇಕಾಗುತ್ತದೆ. ಮನೆಯೊಳಗೆ ಒಂದು ಹೆಸರು, ಕಾಗದದಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡ ಜನ ಬೀದಿಗೆ ಬಂದು ಎಲ್ಲರ ಕಣ್ಣೆದುರು ನಡೆದರು ಎಂಬುದು ಆ ಮೆರವಣಿಗೆಯ ಒಳಗುಟ್ಟು. ಅದು ವ್ಯಾಪಾರಿಗಳ ಆಟವೆಂಬುದು ಎಷ್ಟು ನಿಜವೋ, ಧೈರ್ಯದ ಕೆಲಸವೆಂಬುದೂ ಅಷ್ಟೇ ನಿಜ.

ಚೈನಾಟೌನಿನ ರೂಪವೂ ಇದೇ ಬಗೆಯ ಕಥನವನ್ನು ಹೇಳುತ್ತದೆ. ಭೂಕಂಪದ ನಂತರ ನಗರದ ಮುಖಂಡರು ಚೀನೀಯರನ್ನು ನಗರದ ನಡುವಿನಿಂದ ಎತ್ತಿ ದಕ್ಷಿಣದ ಅಂಚಿನ ಹಂಟರ್ಸ್ ಪಾಯಿಂಟಿಗೆ ಅಟ್ಟುವ ಯೋಚನೆ ಮಾಡಿದ್ದರು. ಅದಕ್ಕೆ ಉತ್ತರವಾಗಿ ಲುಕ್ ತಿನ್ ಎಲಿ ಎಂಬ ವ್ಯಾಪಾರಸ್ಥರ ಮುಂದಾಳತ್ವದಲ್ಲಿ ಬಾಗಿದ ಮಾಡು, ಗೋಪುರ, ಬಣ್ಣದ ಬಾಲ್ಕನಿಗಳ 'ಪೌರಸ್ತ್ಯ' ಚೈನಾಟೌನನ್ನು ಕಟ್ಟಲಾಯಿತು. ಅದನ್ನು ವಿನ್ಯಾಸ ಮಾಡಿದವರು ರಾಸ್ ಮತ್ತು ಬರ್ಗ್ರೆನ್ ಎಂಬ ಅಮೆರಿಕನ್ ವಾಸ್ತುಶಿಲ್ಪಿಗಳು. ಪ್ರವಾಸಿಗರು ಇಂದು 'ಪ್ರಾಚೀನ ಚೀನಾ' ಎಂದು ಛಾಯಾಚಿತ್ರ ತೆಗೆದುಕೊಳ್ಳುವ ಕಟ್ಟಡಗಳು ಬಿಳಿಯರ ಕಲ್ಪನೆಯ ಚೀನಾವನ್ನು ಬಿಳಿಯರಿಗೇ ಮಾರಿ ನೆಲವನ್ನು ಉಳಿಸಿಕೊಂಡ ಜಾಣ್ಮೆಯ ಗುರುತುಗಳು. ಇದನ್ನು ಹುಸಿ ಎನ್ನುವ ವಿಮರ್ಶಕ, ಹುಸಿಯಲ್ಲದೆ ಬೇರೆ ಯಾವ ಆಯುಧ ಆ ಜನರ ಕೈಯಲ್ಲಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ.

ಮೆರವಣಿಗೆಯ ಕೊನೆಯಲ್ಲಿ ಬರುವ ಚಿನ್ನದ ಡ್ರ್ಯಾಗನ್ನಿನ ಮಾತು ಬೇರೆ. ಇತ್ತೀಚಿನ ವರ್ಷಗಳಲ್ಲಿ ಅದರ ಉದ್ದ 280 ಅಡಿಯನ್ನು ಮೀರಿದೆ. ನೂರಕ್ಕೂ ಹೆಚ್ಚು ಜನ ಕೋಲುಗಳ ಮೇಲೆ ಅದನ್ನು ಹೊರುತ್ತಾರೆ. ಅದರ ಸೌಂದರ್ಯ ತಲೆಯ ಕುಸುರಿಯಲ್ಲಿ ಇರುವುದಕ್ಕಿಂತ ನಡುವಿನ ಅಲೆಯಲ್ಲಿದೆ. ಮುಂದಿನವನ ಕೋಲು ಏರಿದೊಡನೆ ಹಿಂದಿನವನದು ಇಳಿಯಬೇಕು. ಎಲ್ಲೋ ಒಬ್ಬ ತಪ್ಪಿದರೆ ಇಡೀ ಮೈ ಮುರಿದಂತೆ ಕಾಣುತ್ತದೆ. ಹೊರುವ ತಂಡ ಸಮರಕಲೆಯ ಗರಡಿಯ ಹಿನ್ನೆಲೆಯದು. ಗರಡಿಯ ಶಿಸ್ತು ಕುಣಿತವಾಗುವ ಈ ಬಗೆ ಕಂಸಾಳೆ, ನಂದಿಕೋಲುಗಳ ಕುಣಿತವನ್ನು ಬಲ್ಲವರಿಗೆ ಪರಿಚಿತವಾದುದೇ. ಇಲ್ಲಿ ಪ್ರಾಯೋಜಕ ವಿಮಾನ ಸಂಸ್ಥೆಯ ಫಲಕವಾಗಲಿ, ದೂರದರ್ಶನದ ನಿರೂಪಕರ ಮಾತಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಮೆರವಣಿಗೆಯ ಬಹುಭಾಗವನ್ನು ಕುರಿತು ಇಷ್ಟು ಮೆಚ್ಚಿ ಹೇಳುವಂತಿಲ್ಲ. ಸೌಂದರ್ಯ ಸ್ಪರ್ಧೆಯ ಯುವತಿಯರು ಹೊತ್ತಿರುವ ಭಾರವಂತೂ ವಿಚಿತ್ರವಾದುದು: ನೂರು ಪ್ರತಿಶತ ಚೀನೀ, ನೂರು ಪ್ರತಿಶತ ಅಮೆರಿಕನ್ ಎಂದು ಏಕಕಾಲಕ್ಕೆ ಕಾಣಿಸಬೇಕಾದ ಹೊಣೆಯನ್ನು ಸಮುದಾಯ ತನ್ನ ಹೆಣ್ಣುಮಕ್ಕಳ ಉಡುಪಿನ ಮೇಲೆ ಹೇರಿತು. 1960ರ ದಶಕದ ಕೊನೆಯ ಹೊತ್ತಿಗೆ ಚೈನಾಟೌನಿನ ಯುವಜನರೇ ಈ ಸಂಭ್ರಮದ ವಿರುದ್ಧ ದನಿ ಎತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಕಿಕ್ಕಿರಿದ ಕೋಣೆಗಳು, ಹೊಲಿಗೆ ಕಾರ್ಖಾನೆಗಳ ದುಡಿತ, ಕ್ಷಯರೋಗ ಇವುಗಳ ನಡುವೆ ಬಣ್ಣದ ಲಾಂದ್ರಗಳನ್ನು ಮಾತ್ರ ತೋರಿಸುವುದು ಯಾರ ಹಿತಕ್ಕೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಜಪಾನೀಯರ ಉತ್ಸವಗಳ ಕಥೆ ಇನ್ನೂ ಕಹಿಯಾದುದು. 1942ರ ಫೆಬ್ರವರಿ 19ರ ಅಧ್ಯಕ್ಷರ ಆಜ್ಞೆಯನ್ವಯ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದ ಜನರನ್ನು ಮನೆ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಬಹುಸಂಖ್ಯೆಯವರು ಅಮೆರಿಕದಲ್ಲಿ ಹುಟ್ಟಿದ ಪೌರರೇ ಆಗಿದ್ದರು. ಸ್ಯಾನ್ ಫ್ರಾನ್ಸಿಸ್ಕೊದವರನ್ನು ಮೊದಲು ಟ್ಯಾನ್‌ಫೊರಾನ್ ಕುದುರೆ ಪಂದ್ಯದ ಮೈದಾನಕ್ಕೂ ಅಲ್ಲಿಂದ ಯೂಟಾ ಮರುಭೂಮಿಯ ಟೋಪಾಜ್ ಶಿಬಿರಕ್ಕೂ ಸಾಗಿಸಲಾಯಿತು. ಯುದ್ಧಾನಂತರ ಮರಳಿ ಬಂದವರು ಜಪಾನ್‌ಟೌನಿನಲ್ಲಿ ಬದುಕು ಕಟ್ಟಿಕೊಳ್ಳುವಷ್ಟರಲ್ಲಿ ನಗರ ನವೀಕರಣದ ಯೋಜನೆ ಆರಂಭವಾಯಿತು. ಗಿಯರಿ ರಸ್ತೆಯನ್ನು ಅಗಲಗೊಳಿಸಿ, ಮನೆ ಅಂಗಡಿಗಳನ್ನು ಕೆಡವಿ, ಆ ಜಾಗದಲ್ಲಿ ಜಪಾನ್ ಸೆಂಟರ್ ಎಂಬ ವಾಣಿಜ್ಯ ಸಂಕೀರ್ಣವನ್ನು ಎಬ್ಬಿಸಲಾಯಿತು. ಅದರೊಡನೆ ಫಿಲ್ಮೋರ್ ಭಾಗದ ಕರಿಯ ಜನಾಂಗದ ಕುಟುಂಬಗಳೂ ಸಾವಿರಗಟ್ಟಲೆಯಲ್ಲಿ ನೆಲೆ ತಪ್ಪಿದವು. ಸಂಕೀರ್ಣದ ನಡುವೆ ಯೋಶಿರೊ ತಾನಿಗುಚಿ ವಿನ್ಯಾಸ ಮಾಡಿದ ಐದು ಅಂತಸ್ತಿನ ಕಾಂಕ್ರೀಟಿನ ಶಾಂತಿ ಪಗೋಡ ನಿಂತಿತು. ಸಂಕೀರ್ಣ ತೆರೆದ 1968ರಲ್ಲಿಯೇ ಚೆರ್ರಿ ಹೂವಿನ ಹಬ್ಬವೂ ಆರಂಭವಾಯಿತು. ಅಂದರೆ ನಿವಾಸಿಗಳನ್ನು ತೆಗೆದ ಜಾಗದಲ್ಲಿ ಅವರ ಸಂಸ್ಕೃತಿಯನ್ನು ಸ್ಥಾಪಿಸಲಾಯಿತು. ಜಾನಪದ ಕಲಾಪ್ರದರ್ಶನಗಳ ಚರಿತ್ರೆಯಲ್ಲಿ ಇಷ್ಟು ನೇರವಾದ ಅದಲುಬದಲು ಅಪರೂಪ. ಇದಕ್ಕೆ ಪ್ರತಿಯಾಗಿ 1970ರ ದಶಕದ ಆರಂಭದಲ್ಲಿ ಯುವಪೀಳಿಗೆ ಒಕ್ಕಲೆಬ್ಬಿಸುವಿಕೆಯ ವಿರುದ್ಧ ಸಂಘಟಿತವಾಯಿತು. ಅದೇ ಕಾಲದಲ್ಲಿ ಹುಟ್ಟಿದ ನಿಹೊನ್‌ಮಾಚಿ ಬೀದಿ ಜಾತ್ರೆ ಬೇರೆಯೇ ಸ್ವಭಾವ ತಳೆಯಿತು. ಒಂದೇ ಬೀದಿಯ ಈ ಎರಡು ಹಬ್ಬಗಳನ್ನು 'ಜಪಾನಿ ಸಂಸ್ಕೃತಿ' ಎಂಬ ಒಂದೇ ತಲೆಬರಹದಡಿ ಕೂಡಿಸುವುದು ಸರಿಯಲ್ಲ.

ಆದರೂ ಆ ಅನುಮಾನಾಸ್ಪದ ಚೆರ್ರಿ ಹಬ್ಬದ ಮಗ್ಗುಲಲ್ಲಿಯೇ ನಿಜವಾದ ಹೊಸ ಕಲೆಯೊಂದು ಹುಟ್ಟಿತು ಎಂಬುದು ವಿಚಿತ್ರವಾದರೂ ಸತ್ಯ. ಜಪಾನಿನಿಂದ ಬಂದಿದ್ದ ಸೇಯಿಚಿ ತನಾಕಾ 1968ರಲ್ಲಿ ಸ್ಥಾಪಿಸಿದ ಸ್ಯಾನ್ ಫ್ರಾನ್ಸಿಸ್ಕೊ ತಾಯಿಕೊ ದೋಜೊ ಉತ್ತರ ಅಮೆರಿಕದ ಮೊದಲ ತಾಯಿಕೊ ವಾದ್ಯತಂಡ. ಹಬ್ಬದಲ್ಲಿ ದೊಡ್ಡ ನಗಾರಿಯ ಸದ್ದೇ ಇಲ್ಲವೆಂಬುದು ಅವರ ಕೊರಗಾಗಿತ್ತು. ಇಲ್ಲಿ ಪ್ರಾಚೀನತೆಯ ಭ್ರಮೆಯನ್ನು ಕಳಚಬೇಕಾಗುತ್ತದೆ. ದೇವಾಲಯದ ನಗಾರಿ ಹಳೆಯದು ನಿಜ. ಆದರೆ ಹಲವು ಗಾತ್ರದ ನಗಾರಿಗಳನ್ನು ಒಟ್ಟಿಗೆ ನುಡಿಸುವ ಮೇಳದ ಬಗೆಯನ್ನು ರೂಪಿಸಿದವರು ನಾಗಾನೊ ಪ್ರಾಂತದ ದೈಹಾಚಿ ಓಗುಚಿ, 1951ರಲ್ಲಿ. ಅವರು ಮೂಲತಃ ಜಾಜ್ ಡ್ರಮ್ಮು ಬಾರಿಸುತ್ತಿದ್ದವರು. ಅಮೆರಿಕದ ತಂಡಗಳಿಗೆ ಒಂದೇ ಮರದ ಕಾಂಡವನ್ನು ಕೊರೆದ ಜಪಾನಿ ನಗಾರಿ ಕೊಳ್ಳುವ ಶಕ್ತಿಯಿರಲಿಲ್ಲ. ಕ್ಯಾಲಿಫೋರ್ನಿಯದ ದ್ರಾಕ್ಷಾರಸದ ಓಕ್ ಪೀಪಾಯಿಗಳಿಗೆ ಚರ್ಮ ಬಿಗಿದು ಅವರು ತಮ್ಮ ನಗಾರಿಯನ್ನು ತಾವೇ ಮಾಡಿಕೊಂಡರು. ಇದಕ್ಕಿಂತ ಅಪ್ಪಟವಾದ ಜನಪದ ಕ್ರಿಯೆಯನ್ನು ಊಹಿಸುವುದು ಕಷ್ಟ. ಕೈಗೆ ಸಿಕ್ಕ ಮರ, ಕೈಗೆ ಸಿಕ್ಕ ಚರ್ಮ, ಸಮುದಾಯದ ಅಗತ್ಯ. ತಮಟೆಯನ್ನಾಗಲಿ ಡೊಳ್ಳನ್ನಾಗಲಿ ಕಟ್ಟಿದ ಕೈಗಳೂ ಇದನ್ನೇ ಮಾಡಿದ್ದವು. ತಂದೆತಾಯಿಗಳು ಶಿಬಿರದ ಬಗ್ಗೆ ಬಾಯಿ ಬಿಡದೆ ಮೌನವಾಗಿದ್ದ ತಲೆಮಾರಿನ ಮಕ್ಕಳಿಗೆ ಈ ಭಾರಿ ಸದ್ದು ಏಕೆ ಬೇಕಾಯಿತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಓಬೊನ್ ಹಬ್ಬದ 'ಬೋನ್ ಓದೊರಿ' ಕುಣಿತವನ್ನು ಈ ಎಲ್ಲ ಆಚರಣೆಗಳಲ್ಲಿ ಹೆಚ್ಚು ಗಟ್ಟಿಯಾದುದೆಂದು ಪರಿಗಣಿಸಬೇಕು. ಸತ್ತ ಹಿರಿಯರನ್ನು ನೆನೆಯುವ ಬೇಸಿಗೆಯ ಹಬ್ಬವಿದು. ನಮ್ಮ ಪಿತೃಪಕ್ಷಕ್ಕೆ ಹೋಲಿಸಬಹುದಾದರೂ ಇಲ್ಲಿ ಮ್ಲಾನತೆಯಿಲ್ಲ, ಕುಣಿತವಿದೆ. 1930ರ ದಶಕದ ಆರಂಭದಲ್ಲಿ ಯೋಶಿಯೊ ಇವಾನಾಗ ಎಂಬ ಬೌದ್ಧ ಪುರೋಹಿತರು ಕ್ಯಾಲಿಫೋರ್ನಿಯದ ಮಂದಿರಗಳಲ್ಲಿ ಇದನ್ನು ಕಲಿಸತೊಡಗಿದರು. ಶಿಬಿರಗಳ ಮುಳ್ಳುತಂತಿಯ ಒಳಗೂ ಜನ ಇದನ್ನು ಕುಣಿದರು. ಇಂದಿಗೂ ಮಂದಿರದ ಎದುರಿನ ಬೀದಿಯಲ್ಲಿ ವರ್ತುಲ ಕಟ್ಟಿಕೊಂಡು ಕುಣಿಯುತ್ತಾರೆ. ಅದರಲ್ಲಿ ಬಹಳ ಜನಪ್ರಿಯವಾದ 'ತಾಂಕೊ ಬುಶಿ' ಎಂಬುದು ಕ್ಯೂಶು ದ್ವೀಪದ ಕಲ್ಲಿದ್ದಲು ಗಣಿಯ ದುಡಿಮೆಯ ಹಾಡು. ಅಗೆಯುವುದು, ಹೆಗಲ ಮೇಲೆ ಹೊರೆ ಎಸೆದುಕೊಳ್ಳುವುದು, ಹಣೆಗೆ ಕೈಯಡ್ಡ ಹಿಡಿದು ಚಂದ್ರನತ್ತ ನೋಡುವುದು, ಗಾಡಿ ತಳ್ಳುವುದು ಇವೇ ಅದರ ಹೆಜ್ಜೆಯ ಮುದ್ರೆಗಳು. ಗಣಿಯನ್ನು ಕಂಡೂ ಅರಿಯದ ದಂತವೈದ್ಯನೊಬ್ಬನೋ ಶಾಲಾ ಬಾಲಕಿಯೋ ಈ ಅಭಿನಯವನ್ನು ತಪ್ಪಿಲ್ಲದೆ ಮಾಡುತ್ತಾರೆ. ರಾಗಿ ಬೀಸುವುದು ನಿಂತ ಮೇಲೂ ಬೀಸುವ ಪದ ಉಳಿದ ಬಗೆ ಇದು. ಇಲ್ಲಿ ಮುಖ್ಯವಾಗಿ ಗುರುತಿಸಬೇಕಾದುದು ನೋಡುಗ ಮತ್ತು ಕುಣಿಯುವವನ ಸಂಬಂಧ. ಮೆರವಣಿಗೆಯಲ್ಲಿ ನೋಡುಗ ಹಗ್ಗದ ಆಚೆ ನಿಲ್ಲುತ್ತಾನೆ. ಓಬೊನ್ ವರ್ತುಲದಲ್ಲಿ ಬಂದವರೆಲ್ಲ ಒಳಗೆ ಸೇರಿಕೊಳ್ಳಬಹುದು, ತಪ್ಪು ಹೆಜ್ಜೆ ಹಾಕಬಹುದು. ಆ ತಪ್ಪಿಗೆ ಜಾಗವಿರುವುದರಿಂದಲೇ ಅದು ತೊಂಬತ್ತು ವರ್ಷ ಬಾಳಿದೆ.

ಭಾರತೀಯರ ಮಟ್ಟಿಗೆ ಈ ನಗರದ ಚರಿತ್ರೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹಳೆಯದು. ವೆಬ್‌ಸ್ಟರ್ ಬೀದಿಯ ವೇದಾಂತ ಸೊಸೈಟಿಯ ಹಳೆಯ ಮಂದಿರ 1906ರ ಜನವರಿಯಲ್ಲಿ, ಭೂಕಂಪಕ್ಕೆ ಮೂರು ತಿಂಗಳು ಮುಂಚೆ ಸಮರ್ಪಿತವಾಯಿತು. ಗದರ್ ಪಕ್ಷದ 'ಗದರ್' ಪತ್ರಿಕೆಯ ಮೊದಲ ಸಂಚಿಕೆ 1913ರ ನವೆಂಬರ್ 1ರಂದು ಇಲ್ಲಿಂದಲೇ ಹೊರಬಂದಿತು. ವುಡ್ ಬೀದಿಯ ಸ್ಮಾರಕ ಭವನ ಇಂದಿಗೂ ಇದೆ. ಆದರೆ ಬೀದಿಗಿಳಿದ ಭಾರತೀಯ ಉತ್ಸವವೆಂದರೆ 1967ರ ಜುಲೈ 9ರ ಜಗನ್ನಾಥ ರಥಯಾತ್ರೆ. ಭಾರತದ ಹೊರಗೆ ನಡೆದ ಮೊದಲ ರಥಯಾತ್ರೆಯೆಂದು ಇದನ್ನು ಪರಿಗಣಿಸಲಾಗಿದೆ. ಆಮದು ಸರಕಿನ ಅಂಗಡಿಯೊಂದರಲ್ಲಿ ಸಿಕ್ಕ ಪುಟ್ಟ ಜಗನ್ನಾಥನ ಗೊಂಬೆಯನ್ನು ನೋಡಿ ಅಮೆರಿಕನ್ ಯುವ ಭಕ್ತನೊಬ್ಬ ದೊಡ್ಡ ಮರದ ಮೂರ್ತಿಗಳನ್ನು ಕೆತ್ತಿದನೆಂದು ಪಂಥದ ಕಥನ ಹೇಳುತ್ತದೆ. ತೇರಾದುದು ಒಂದು ಸರಕು ಲಾರಿ. ಎಳೆದವರು, ಕುಣಿದವರು ಬಹುಮಟ್ಟಿಗೆ ಆ ಬೇಸಿಗೆಯ ಹಿಪ್ಪಿ ತರುಣರು. ಇಲ್ಲಿ ಆಚರಣೆ ಬಂದಿತು, ಆದರೆ ಅದನ್ನು ತಂದ ಸಮುದಾಯವೇ ಬರಲಿಲ್ಲ ಎಂಬುದು ಬೇರೆ ಹಬ್ಬಗಳಿಗೂ ಇದಕ್ಕೂ ಇರುವ ಮುಖ್ಯ ಅಂತರ. ತೇರಿನ ಮಿಣಿ ಹಿಡಿಯುವ ಹಕ್ಕು ಯಾವ ಕೇರಿಯದು, ಮೊದಲ ಕಾಯಿ ಯಾರದು ಎಂಬ ಹಕ್ಕುದಾರಿಕೆಯ ಜಗಳವಿಲ್ಲದ ತೇರು ಅದು. ಈ ಜಗಳವಿಲ್ಲದ್ದನ್ನು ಮುಕ್ತಿಯೆಂದೂ ಹೇಳಬಹುದು, ಬೇರಿಲ್ಲದಿರುವಿಕೆಯೆಂದೂ ಹೇಳಬಹುದು. ಎರಡನ್ನೂ ಕೂಡಿಯೇ ಹೇಳುವುದು ನ್ಯಾಯ.

1965ರ ವಲಸೆ ಶಾಸನದ ನಂತರ ಬಂದ ಭಾರತೀಯರು ಬಹುಪಾಲು ವೃತ್ತಿಪರರು. ಅವರು ನೆಲೆಸಿದ್ದು ನಗರದಲ್ಲಲ್ಲ, ಕೊಲ್ಲಿಯ ದಕ್ಷಿಣದ ಉಪನಗರಗಳಲ್ಲಿ. 1973ರಲ್ಲಿ ಆರಂಭವಾದ ಉತ್ತರ ಕ್ಯಾಲಿಫೋರ್ನಿಯ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಾಗಲಿ, 2014ರಲ್ಲಿ ಸ್ಯಾನ್ ಹೋಸೆಯಲ್ಲಿ ನಡೆದ ಅಕ್ಕ ವಿಶ್ವ ಕನ್ನಡ ಸಮ್ಮೇಳನವಾಗಲಿ ಬೀದಿಯ ಉತ್ಸವಗಳಲ್ಲ, ಸಭಾಂಗಣದ ಉತ್ಸವಗಳು. ಚೈನಾಟೌನಿನಂತೆ 'ಕನ್ನಡ ಕೇರಿ' ಎಂಬುದು ಅಲ್ಲಿಲ್ಲ. ಅದನ್ನು ಕಟ್ಟಿಕೊಳ್ಳಲೇಬೇಕಾದ ಬಲವಂತವೂ ಅವರಿಗೆ ಬರಲಿಲ್ಲ. ಹಾಗಾಗಿ ಅವರ ಕಾರ್ಯಕ್ರಮಗಳ ಡೊಳ್ಳು, ಕೋಲಾಟಗಳು ತಮ್ಮವರಿಗಾಗಿ ತಮ್ಮವರೇ ಆಡುವ ಆಟಗಳು. ಹೊರಗಿನ ಕಣ್ಣಿನ ಒತ್ತಡ ಕಡಿಮೆ. ಜೊತೆಗೆ ಹೊರಗಿನ ನೆಲದೊಡನೆ ಸಂಬಂಧವೂ ಕಡಿಮೆ. ಚೈನಾಟೌನಿನ ಹಬ್ಬವನ್ನು ಹುಸಿಯೆಂದು ಹಳಿಯುವ ನಮ್ಮವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಹಲವು ಸಮುದಾಯಗಳನ್ನು ಒಂದೇ ವೇದಿಕೆಗೆ ತರುವ ಸಂಸ್ಥೆಗಳ ಕೆಲಸ ಇದಕ್ಕಿಂತ ಭಿನ್ನವಾದುದು. 1978ರಲ್ಲಿ ಆರಂಭವಾದ ಸ್ಯಾನ್ ಫ್ರಾನ್ಸಿಸ್ಕೊ ಎತ್ನಿಕ್ ಡ್ಯಾನ್ಸ್ ಫೆಸ್ಟಿವಲ್ ಆ ಪ್ರದೇಶದ ನೃತ್ಯತಂಡಗಳನ್ನು ಪರೀಕ್ಷಿಸಿ, ಆಯ್ದು ರಂಗಕ್ಕೇರಿಸಿತು. ತಂಡಗಳಿಗೆ ಇದರಿಂದ ಸಿಕ್ಕ ಮನ್ನಣೆ ಸಣ್ಣದಲ್ಲ. ಆದರೆ ರಾತ್ರಿಯಿಡೀ ನಡೆಯುವ ಆಚರಣೆಯನ್ನು ಕೆಲವೇ ನಿಮಿಷಗಳಿಗೆ ಕತ್ತರಿಸಿದಾಗ ಉಳಿಯುವುದು ಉಡುಪು ಮತ್ತು ವೇಗ. ಬ್ಯಾಲೆಗೆ 'ಎತ್ನಿಕ್' ಎಂಬ ವಿಶೇಷಣ ಅಂಟುವುದಿಲ್ಲ ಎಂಬಲ್ಲಿಯೇ ಆ ಹೆಸರಿನ ಯಜಮಾನಿಕೆ ಗೊತ್ತಾಗುತ್ತದೆ. ಎ.ಕೆ. ರಾಮಾನುಜನ್ 1989ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಸಂದರ್ಭಸೂಕ್ಷ್ಮ ಮತ್ತು ಸಂದರ್ಭಮುಕ್ತ ಎಂಬ ಎರಡು ಚಿಂತನಾಕ್ರಮಗಳನ್ನು ಗುರುತಿಸಿದರು. ರಂಗೋತ್ಸವವು ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವ ಯಂತ್ರದಂತೆ ಕೆಲಸ ಮಾಡುತ್ತದೆ. ಏಷ್ಯನ್ ಆರ್ಟ್ ಮ್ಯೂಸಿಯಂ ಈ ವಿಷಯದಲ್ಲಿ ಒಮ್ಮೆಯಾದರೂ ಹೆಚ್ಚು ಯೋಚಿಸಿದ ಹೆಜ್ಜೆಯಿಟ್ಟಿತು. 2016ರ ಅಕ್ಟೋಬರ್‌ನಿಂದ 2017ರ ಜನವರಿಯವರೆಗೆ ನಡೆದ 'ದ ರಾಮ ಎಪಿಕ್' ಪ್ರದರ್ಶನವನ್ನು ಅದು ದೇಶ, ಕಾಲಗಳ ಅನುಕ್ರಮದಲ್ಲಿ ಜೋಡಿಸದೆ ರಾಮ, ಸೀತೆ, ಹನುಮಂತ, ರಾವಣ ಎಂಬ ನಾಲ್ಕು ಪಾತ್ರಗಳ ಸುತ್ತ ಕಟ್ಟಿತು. ಹಲವು ರಾಮಾಯಣಗಳ ದೇಶದವರಿಗೆ ಈ ಜೋಡಣೆ ಒಪ್ಪಿಗೆಯಾಗುವಂಥದು. ಇದೇ ವಸ್ತುಸಂಗ್ರಹಾಲಯ 2020ರಲ್ಲಿ ತನ್ನ ಮೂಲ ದಾನಿ ಏವರಿ ಬ್ರಂಡೇಜ್ ಅವರ ಪ್ರತಿಮೆಯನ್ನು, ಅವರ ಜನಾಂಗೀಯ ನಿಲುವುಗಳ ಕಾರಣಕ್ಕೆ, ಮೊಗಸಾಲೆಯಿಂದ ತೆಗೆಸಿತು. ಏಷ್ಯಾದ ಕಲೆಯನ್ನು ಪ್ರೀತಿಸುವುದು ಏಷ್ಯಾದ ಜನರನ್ನು ಗೌರವಿಸುವುದಕ್ಕಿಂತ ಬೇರೆಯಾಗಿರಲು ಸಾಧ್ಯ ಎಂಬುದನ್ನು ಸಂಸ್ಥೆಯೇ ಒಪ್ಪಿಕೊಂಡಂತಾಯಿತು.

ಇಷ್ಟಕ್ಕೂ 'ಏಷ್ಯನ್' ಎಂಬ ಒಟ್ಟು ಹೆಸರೇ ಅಮೆರಿಕದಲ್ಲಿ ಹೊಸ ಅರ್ಥ ಪಡೆದುದು. 'ಏಷ್ಯನ್ ಅಮೆರಿಕನ್' ಎಂಬ ಪದ 1968ರಲ್ಲಿ ಬರ್ಕ್ಲಿಯ ವಿದ್ಯಾರ್ಥಿ ಚಳವಳಿಯಲ್ಲಿ ರೂಪುಗೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಆರಂಭವಾದ ದೀರ್ಘ ಮುಷ್ಕರ ಜನಾಂಗೀಯ ಅಧ್ಯಯನದ ವಿಭಾಗಕ್ಕೆ ದಾರಿ ಮಾಡಿತು. ಚೀನೀಯರು, ಜಪಾನೀಯರು, ಫಿಲಿಪಿನೊ ಜನ ತಮ್ಮ ತಮ್ಮ ಹಳೆಯ ವೈರಗಳನ್ನು ಬದಿಗಿಟ್ಟು ಒಂದೇ ಹೆಸರಿನಡಿ ನಿಂತ ಉತ್ತಮ ನಿದರ್ಶನವೆಂದರೆ ಕರ್ನಿ ಬೀದಿಯ ಇಂಟರ್‌ನ್ಯಾಷನಲ್ ಹೋಟೆಲಿನ ಹೋರಾಟ. ಮನಿಲಾಟೌನಿನ ಕೊನೆಯ ತುಣುಕಾದ ಆ ಕಟ್ಟಡದಲ್ಲಿ ಮುದಿ ಫಿಲಿಪಿನೊ ಮತ್ತು ಚೀನೀ ದುಡಿಮೆಗಾರರು ವಾಸವಾಗಿದ್ದರು. 1977ರ ಆಗಸ್ಟ್ 4ರ ನಸುಕಿನಲ್ಲಿ ಪೊಲೀಸರು ಅವರನ್ನು ಹೊರಹಾಕಿದಾಗ ಸಾವಿರಾರು ಜನ ಕೈಗೆ ಕೈ ಹೆಣೆದು ಕಟ್ಟಡವನ್ನು ಸುತ್ತುವರಿದಿದ್ದರು. ಕಟ್ಟಡ ನೆಲಸಮವಾಗಿ, ಬಹುಕಾಲ ಹಾಳುಬಿದ್ದಿದ್ದ ಆ ಜಾಗದಲ್ಲಿ ಹಿರಿಯರಿಗಾಗಿ ಹೊಸ ವಸತಿ 2005ರಲ್ಲಷ್ಟೇ ತೆರೆಯಿತು. ಯರ್ಬ ಬ್ಯುಯೆನ ಉದ್ಯಾನದ ಪಿಸ್ತಾಹಾನ್ ಹಬ್ಬದ ನೃತ್ಯಗಳನ್ನು ಈ ಬೆಳಗಿನ ನೆನಪಿಲ್ಲದೆ ನೋಡಿದರೆ ಅವು ಬರಿಯ ನೃತ್ಯಗಳು.

ಒಂದೇ ಹೆಸರಿನಡಿ ಬಂದ ಮಾತ್ರಕ್ಕೆ ಬಿರುಕುಗಳು ಮುಚ್ಚಲಿಲ್ಲ. 'ಚೀನೀ ಹೊಸ ವರ್ಷ'ವೋ 'ಚಾಂದ್ರಮಾನ ಹೊಸ ವರ್ಷ'ವೋ ಎಂಬ ಚರ್ಚೆಯಲ್ಲಿ ವಿಯೆಟ್ನಾಮೀಯರ ತೆತ್, ಕೊರಿಯನ್ನರ ಸೊಲ್ಲಾಲ್‌ಗಳ ಪ್ರತಿಷ್ಠೆ ಅಡಗಿದೆ. ಕ್ಯಾಲಿಫೋರ್ನಿಯ ರಾಜ್ಯ 2022ರಲ್ಲಿ ಶಾಸನ ಮಾಡಿದಾಗ ಎರಡನೆಯ ಹೆಸರನ್ನೇ ಆಯ್ದುಕೊಂಡಿತು. 2025ರಲ್ಲಿ ದೀಪಾವಳಿಗೂ ರಾಜ್ಯದ ಮಾನ್ಯತೆ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೈನ್ಯದ ಲೈಂಗಿಕ ದಾಸ್ಯಕ್ಕೆ ತುತ್ತಾದ ಹೆಣ್ಣುಮಕ್ಕಳ ಸ್ಮಾರಕವನ್ನು 2017ರಲ್ಲಿ ಚೈನಾಟೌನಿನ ಸೇಂಟ್ ಮೇರೀಸ್ ಚೌಕದಲ್ಲಿ ಅನಾವರಣ ಮಾಡಲಾಯಿತು; ಇದನ್ನು ಪ್ರತಿಭಟಿಸಿ ಒಸಾಕಾ ನಗರವು ಸ್ಯಾನ್ ಫ್ರಾನ್ಸಿಸ್ಕೊದೊಡನೆ ಇದ್ದ ಸೋದರಿ ನಗರದ ಸಂಬಂಧವನ್ನು 2018ರಲ್ಲಿ ಕಡಿದುಕೊಂಡಿತು. ಇನ್ನೊಂದೆಡೆ,  2020ರ ಸಾಂಕ್ರಾಮಿಕದ ಕಾಲದಲ್ಲಿ ಬೀದಿಯಲ್ಲಿ ಏಟು ತಿಂದ ಮುದುಕರನ್ನು ಹೊಡೆದವರು ಚೀನೀಯರೋ ಥಾಯ್‌ಗಳೋ ಎಂದು ಕೇಳಿರಲಿಲ್ಲ. 2021ರಲ್ಲಿ ರದ್ದಾಗಿದ್ದ ಹೊಸ ವರ್ಷದ ಮೆರವಣಿಗೆ 2022ರಲ್ಲಿ ಮತ್ತೆ ಹೊರಟಾಗ, ಎಪ್ಪತ್ತು ವರ್ಷಗಳ ಹಿಂದಿನ ಅದರ ಹುಟ್ಟಿನ ಸಂದರ್ಭವೇ ಬೇರೆ ವೇಷದಲ್ಲಿ ಎದುರಿಗಿತ್ತು.

ಬೀದಿಗೆ ಬಾರದ ಆಚರಣೆಗಳ ಅಧ್ಯಯನ ಇನ್ನೂ ಸಾಲದಾಗಿದೆ. ಆರಂಭದ ಚೀನೀ ವಲಸಿಗರಿಗೆ ಮುಖ್ಯವಾಗಿದ್ದುದು ಹೊಸ ವರ್ಷದಷ್ಟೇ ಚಿಂಗ್‌ಮಿಂಗ್, ಅಂದರೆ ಹಿರಿಯರ ಸಮಾಧಿ ಗುಡಿಸಿ ಎಡೆ ಇಡುವ ವಸಂತದ ಆಚರಣೆ. ಇಲ್ಲಿ ಸತ್ತವರ ಮೂಳೆಗಳನ್ನು ಕೆಲವು ವರ್ಷಗಳ ನಂತರ ಅಗೆದು ತೆಗೆದು ಹುಟ್ಟೂರಿಗೆ ಕಳಿಸುವುದು ಕುಲಸಂಘಗಳ ಹೊಣೆಯಾಗಿತ್ತು. ನಗರದ ವಾಯವ್ಯ ಮೂಲೆಯ ಹಳೆಯ ಸಾರ್ವಜನಿಕ ಸ್ಮಶಾನದಲ್ಲಿ ಅವರಿಗೂ ಒಂದಿಷ್ಟು ನೆಲ ಸಿಕ್ಕಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಮಶಾನ ಮುಚ್ಚಿ, ಅದೇ ಜಾಗ ಲಿಂಕನ್ ಪಾರ್ಕಿನ ಗಾಲ್ಫ್ ಮೈದಾನವಾಯಿತು. ನೆಲದಡಿಯ ಎಲ್ಲ ದೇಹಗಳನ್ನೂ ತೆಗೆಯಲಾಗಲಿಲ್ಲ. ಎಡೆ ಇಡುವುದಕ್ಕೆಂದು ಕಾಂಗ್ ಚೌ ಸಂಘದವರು ನಿಲ್ಲಿಸಿದ್ದ ಕಮಾನು ಮಾತ್ರ ಹುಲ್ಲಿನ ನಡುವೆ ಹಾಗೆಯೇ ಉಳಿದಿದೆ, ಆಟಗಾರರು ಅದನ್ನು ಬಳಸಿಕೊಂಡು ಹೋಗುತ್ತಾರೆ.